ಮೂರು ಭಾನುವಾರದ ಮಾತು

ನಮ್ಮ ಕುಟುಂಬ ರಕ್ಷಣಾ ಪಕ್ಷ ಚಿಕ್ಕದು. ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ನೂರು ಮನೆಯವರ ಪಕ್ಷ. ಮದುವೆಯಾದವರು ಸಾಯುವ ತನಕ ಬಿಡಬಾರದು, ಅದೇ ನಮ್ಮ ಘೋಷಣೆ. ನಾನು ಆಫೀಸಿನಲ್ಲಿ ಕುರ್ಚಿ ಹಾಕುವವನು.

ಮೂರು ಚುನಾವಣೆಗೆ ಮೂರು ದೊಡ್ಡ ಪಕ್ಷಗಳ ಕೈ ಹಿಡಿದಿದ್ದ ಅಧ್ಯಕ್ಷ ಕಸ್ತೆಲಿನೊ ಈ ಸಲ ನಾಲ್ಕನೆಯದರ ಕೈ ಹಿಡಿದರು. ನನ್ನನ್ನು ಕರೆದರು.

“ನಾಳೆ ಸ್ಟೇಜಿಗೆ ಹತ್ತು. ಈ ಮೈತ್ರಿ ನಿನ್ನ ಮದುವೆಯಷ್ಟೇ ಗಟ್ಟಿ ಅಂತ ಸೆವ್ರಿನಳ ಹೆಸರು ಹಿಡಿದು ಹೇಳು. ಇಲ್ಲದಿದ್ದರೆ ಕೆಲಸ ಬಿಡು.”

ನನ್ನ ಹೆಂಡತಿ ಸೆವ್ರಿನ್ ತೀರಿಹೋಗಿ ಐದು ತಿಂಗಳು. ಮೂವತ್ತೊಂದು ವರ್ಷ ಒಟ್ಟಿಗಿದ್ದೆವು.

“ಆಯ್ತು ಸರ್,” ಅಂದೆ. “ಮದುವೆ ಅಂದ ಮೇಲೆ ಮೊದಲು ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಓದಿಸಬೇಕಲ್ಲ? ಅಡ್ಡಿ ಇದ್ದವರು ಹೇಳಲಿ ಅಂತ. ನಮ್ಮ ಹೆಸರೂ ಓದಿದ್ದರು.”

“ಓದಿಸು! ಅಡ್ಡಿ ಹೇಳಲು ಯಾವನಿಗೆ ಧೈರ್ಯ?”

“ನಮ್ಮ ಪಕ್ಷದ ಹಳೆಯ ಗಂಡಂದಿರು ಮೂವರೂ ಬದುಕಿದ್ದಾರಲ್ಲ ಸರ್.”

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

“ನೀನು ಸ್ಟೇಜಿಗೆ ಬರಬೇಡ ಮಾರಾಯ. ಕುರ್ಚಿ ಹಾಕು, ಸಾಕು.”

ಹಾಕಿದೆ. ಮೈಕಿನಲ್ಲಿ ಗಟ್ಟಿ ಮೈತ್ರಿ, ಗಟ್ಟಿ ಮೈತ್ರಿ ಅಂತ ಸುಮಾರು ಸಲ ಹೇಳಿದರು. ಸೆವ್ರಿನಳ ಹೆಸರು ಬರಲಿಲ್ಲ.