ಮೋತಿ ಒಪ್ಪಿದ ಚಿತ್ರ

ದೇಸಾಯರಿಗೆ ತಮ್ಮ ಬೇಟೆನಾಯಿ ಮೋತಿಯ ಚಿತ್ರ ವಾಡೆಯ ಗೋಡೆ ಮೇಲೆ ಬೇಕಾಯಿತು. ಊರ ಚಿತ್ರಗಾರನನ್ನು ಕರೆಸಿ ಗುಡುಗಿದರು: "ಯಾರ ಚಿತ್ರಾನೋ ಅವರೇ ಒಪ್ಪಬೇಕು. ಮೋತಿ ಒಪ್ಪಲಿಲ್ಲಂದ್ರ ನೀ ಊರು ಬಿಡಬೇಕು!"

ಚಿತ್ರಗಾರ ಹೂಂ ಅಂದ. ಅವನು ಯಾವಾಗಲೂ ಬಣ್ಣ ಕಲಸುವುದು ಚರ್ಮ ಕುದಿಸಿದ ಅಂಟಿನಲ್ಲೇ. ಈ ಸಲ ಅದರ ಜೊತೆ ನಾಲ್ಕು ಎಲುಬನ್ನೂ ಹಾಕಿ ಕುದಿಸಿದ.

ಚಿತ್ರ ಮುಗಿದ ದಿನ ಮೋತಿ ಓಡಿಬಂತು, ಮೂಸಿತು, ಬಾಲ ಅಲ್ಲಾಡಿಸುತ್ತ ಗೋಡೆಯನ್ನು ನೆಕ್ಕತೊಡಗಿತು.

"ತನ್ನ ಗುರುತು ತಾನೇ ಹಿಡೀತು ನೋಡ್ರೋ!" ದೇಸಾಯರು ಉಬ್ಬಿಹೋದರು. ತಾವು ಹೊದ್ದ ಶಾಲನ್ನೇ ಅವನಿಗೆ ಹೊದಿಸಿದರು. "ನಾಳೆಯಿಂದ ನನ್ನ ಚಿತ್ರ ಬರಿ."

ಚಿತ್ರಗಾರ ಕೈಮುಗಿದ. "ಬರೀತೀನ್ರಿ ಧಣಿ. ಆದ್ರ ಈ ಪರೀಕ್ಷೆ ಮಾತ್ರ ಬ್ಯಾಡ್ರಿ. ತಾವು ಗೋಡೆ ನೆಕ್ಕೋದು ಚಲೋ ಕಾಣೂದಿಲ್ಲ."