ಕೊಳಲಿಗೆ ಸಿಗದ ‘ಸ’

ಕಪಿಲೆಯ ದಂಡೆಯ ಆಶ್ರಮದಲ್ಲಿ ಪುಟ್ಟಾರಾಧ್ಯರು ಕೊಳಲು ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ವಾಗೀಶನಿಗೆ ಬುದ್ಧಿ ಚುರುಕು, ತಾಳ್ಮೆ ಕಡಿಮೆ.

ಒಂದು ಬೆಳಿಗ್ಗೆ ಗುರುಗಳು ಅವನಿಗೆ ಸ್ವರ ಬರೆಯುವುದನ್ನು ಹೇಳಿಕೊಟ್ಟರು. ಅಕ್ಷರ ಬರಿದೇ ಇದ್ದರೆ ಮಧ್ಯದ ಸ್ಥಾಯಿ. ತಲೆಯ ಮೇಲೆ ಚುಕ್ಕೆ ಇದ್ದರೆ ಮೇಲಿನ ಸ್ಥಾಯಿ, ಕಾಲ ಕೆಳಗೆ ಚುಕ್ಕೆ ಇದ್ದರೆ ಕೆಳಗಿನದು. ಪಕ್ಕದಲ್ಲಿ ಅಲ್ಪವಿರಾಮ ಕಂಡರೆ ಸ್ವರವನ್ನು ಇನ್ನಷ್ಟು ಹೊತ್ತು ಎಳೆಯಬೇಕು.

ಅಂದಿನಿಂದ ವಾಗೀಶನ ಕೈ ಸುಮ್ಮನಿರಲಿಲ್ಲ. ಮರಳಿನ ಮೇಲೆ ಬರೆದ, ಗೋಡೆಯ ಮೇಲೆ ಬರೆದ, ಊಟದ ಎಲೆಯ ಮೇಲೆ ಸಾರಿನಲ್ಲಿ ಬೆರಳದ್ದಿ ಬರೆದ. ಹಕ್ಕಿ ಕೂಗಿದರೆ ಇದಕ್ಕೆ ಚುಕ್ಕೆ ಮೇಲೋ ಕೆಳಗೋ ಎಂದು ಪಕ್ಕದವರನ್ನು ಕೇಳಿದ.

ಹುಣ್ಣಿಮೆಯ ಸಭೆ ಹತ್ತಿರ ಬಂತು. ಸುತ್ತಲಿನ ಊರವರೆಲ್ಲ ಸೇರುವ ಆ ಸಂಜೆ ವಾಗೀಶ ಮೊದಲ ಬಾರಿಗೆ ಒಬ್ಬನೇ ಕೂತು ನುಡಿಸಬೇಕಿತ್ತು. ಅವನು ಸ್ವಂತ ರಚನೆಯನ್ನೇ ಬರೆದು ತಂದ.

ಗುರುಗಳು ಕೊನೆಯವರೆಗೆ ಓದಿ, ಕಟ್ಟಕಡೆಯ ಅಕ್ಷರದ ಮೇಲೆ ಬೆರಳಿಟ್ಟರು. ಅದು ‘ಸ’. ಕೆಳಗೆ ಚುಕ್ಕೆ.

“ಇದು ಕೊಳಲಿನಲ್ಲಿ ಇಲ್ಲ,” ಎಂದರು.

ಯಾಕಿಲ್ಲವೆಂದೂ ತೋರಿಸಿದರು. ಒಂದೊಂದೇ ತೂತು ಮುಚ್ಚುತ್ತ ಹೋದರೆ ನಾದ ಕೆಳಗಿಳಿಯುತ್ತದೆ. ಎಲ್ಲ ಮುಚ್ಚಿದಾಗ ಕೆಳಗಿನ ‘ಪ’ ಬರುತ್ತದೆ. ಕೆಳಗಿನ ‘ಸ’ ಅದಕ್ಕೂ ಕೆಳಗೆ. ಅಲ್ಲಿಂದಾಚೆ ಮುಚ್ಚಲು ತೂತೇ ಉಳಿದಿರುವುದಿಲ್ಲ. ಊದುವುದು ಬಲ್ಲವನಿಗೆ ಮೇಲಿನ ‘ಪ’ದವರೆಗೂ ದಾರಿಯಿದೆ, ಕೆಳಗೆ ಮಾತ್ರ ಇಷ್ಟೇ.

“ಆದರೆ ಬರೆದಾಗಿದೆಯಲ್ಲ, ಗುರುಗಳೇ.”

“ಹಾಗಾದರೆ ನುಡಿಸು,” ಎಂದು ಗುರುಗಳು ಸ್ನಾನಕ್ಕೆ ಹೋದರು.

ವಾಗೀಶ ಮೆಲ್ಲಗೆ ಊದಿದ. ಇನ್ನೂ ಮೆಲ್ಲಗೆ ಊದಿದ. ತುಟಿ ಓರೆ ಮಾಡಿದ, ಕತ್ತು ಬಗ್ಗಿಸಿದ, ಕೆಳಗಿನ ಸ್ವರಕ್ಕೆ ತಂಪು ಬೇಕೇನೋ ಎಂದು ಸೊಂಟದವರೆಗೆ ನದಿಯಲ್ಲಿ ನಿಂತ. ಬಂದದ್ದು ಬರೀ ಗಾಳಿ. ಗುರುಗಳು ಒದ್ದೆ ಪಂಚೆ ಹಿಂಡುತ್ತ, ಅಲ್ಲಿ ಒಲೆ ಊದುತ್ತಿರುವವರು ಯಾರು ಎಂದು ವಿಚಾರಿಸಿದರು.

ಮರುದಿನ ವಾಗೀಶನಿಗೆ ಹೊಸದೊಂದು ಹೊಳೆಯಿತು. ಕೊಳಲು ಉದ್ದವಾದಷ್ಟೂ ನಾದ ತಗ್ಗುತ್ತದೆ. ಅಂದರೆ ತಪ್ಪು ತನ್ನ ರಚನೆಯದಲ್ಲ, ಆಶ್ರಮದ ಬಿದಿರಿನದು.

ಅವನು ಮೆಳೆಗೆ ಹೋಗಿ ತನ್ನ ಎದೆಯೆತ್ತರದ ಬಿದಿರು ಕಡಿದು ತಂದ. ಕಾದ ಕಂಬಿಯಿಂದ ತೂತು ಸುಟ್ಟ. ತುಟಿಗಿಟ್ಟುಕೊಂಡು ನೋಡಿದರೆ ಕೊನೆಯ ತೂತುಗಳಿಗೆ ಕೈ ಎಟುಕಲಿಲ್ಲ.

ಮರುಳಸಿದ್ಧನೆಂಬ ಸಹಪಾಠಿಯನ್ನು ಕರೆದ. ದೊಡ್ಡ ಮೈಯ, ನಿಧಾನ ಸ್ವಭಾವದ ಮರುಳಸಿದ್ಧ ಯಾರು ಏನು ಹೇಳಿದರೂ ಇಲ್ಲವೆನ್ನುತ್ತಿರಲಿಲ್ಲ. ವಾಗೀಶ ಊದಬೇಕು, ಮೇಲಿನ ತೂತು ಮುಚ್ಚಬೇಕು. ಮರುಳಸಿದ್ಧ ಬಲಗಡೆ ಕೂತು ಕೆಳಗಿನ ತೂತು ನೋಡಿಕೊಳ್ಳಬೇಕು. ಸನ್ನೆಗೆ ವಾಗೀಶ ಮೊಣಕಾಲಿನಿಂದ ತಿವಿಯುವುದೆಂದು ಮಾತಾಯಿತು.

ನಾದ ಹೊರಟಿತು. ನದಿಯಲ್ಲಿ ಮಲಗಿದ್ದ ಎಮ್ಮೆಗಳು ತಲೆಯೆತ್ತಿ ನೋಡಿದವು. ಒಂದು ಉತ್ತರವನ್ನೂ ಕೊಟ್ಟಿತು.

ಇಬ್ಬರೂ ಬಿದಿರು ಹೊತ್ತುಕೊಂಡು ಗುರುಗಳ ಬಳಿ ಬಂದರು. ಗುರುಗಳು ಕೊಳಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ಮರುಳಸಿದ್ಧನ ಕೆಂಪಾದ ತೊಡೆಯನ್ನೂ ನೋಡಿದರು.

“ಇದರ ‘ಸ’ ಯಾವುದು?”

ವಾಗೀಶ ಮೊದಲ ಎರಡು ತೂತು ಮುಚ್ಚಿ ಊದಿದ.

“ಅಲ್ಲಿಂದ ಇಳಿ.”

ಅವನು ಇಳಿದ. ‘ನಿ’ ಬಂತು. ತಿವಿದ, ‘ದ’ ಬಂತು. ತಿವಿದ, ‘ಪ’ ಬಂತು. ಮತ್ತೆ ತಿವಿದ.

“ಮುಗಿಯಿತಪ್ಪ,” ಎಂದ ಮರುಳಸಿದ್ಧ. “ಎಲ್ಲ ಮುಚ್ಚಿದ್ದೀನಿ.”

ವಾಗೀಶ ತನ್ನ ಬೆರಳುಗಳನ್ನೂ ಅವನ ಬೆರಳುಗಳನ್ನೂ ಬಹಳ ಹೊತ್ತು ನೋಡಿದ. ಬಿದಿರು ಉದ್ದವಾದಾಗ ‘ಸ’ವೂ ತಗ್ಗಿತ್ತು, ‘ಪ’ವೂ ತಗ್ಗಿತ್ತು. ಎರಡರ ನಡುವಿನ ದೂರ ಇದ್ದಷ್ಟೇ ಇತ್ತು.

“ಇನ್ನೂ ಉದ್ದದ್ದು ಮಾಡಲೇ, ಗುರುಗಳೇ?” ಎಂದು ಸಣ್ಣ ದನಿಯಲ್ಲಿ ಕೇಳಿದ.

“ಮಾಡು. ಅದೂ ‘ಪ’ದಲ್ಲೇ ನಿಲ್ಲುತ್ತದೆ. ತಿವಿಸಿಕೊಳ್ಳಲು ಇನ್ನೊಬ್ಬ ಬೇಕಾಗುತ್ತಾನೆ, ಅಷ್ಟೆ.”

ಆ ರಾತ್ರಿ ವಾಗೀಶ ಊಟ ಬಿಟ್ಟ. ಮುಗಿಯಬೇಕಾದಲ್ಲಿ ಮುಗಿಯದ ರಚನೆಯನ್ನು ಊರವರ ಮುಂದೆ ಹೇಗೆ ನುಡಿಸುವುದು, ತಾನು ಸಭೆಯಲ್ಲಿ ಕೂರುವುದಿಲ್ಲ ಎಂದು ಹೇಳಿ ಕಳಿಸಿದ. ಅದನ್ನು ಬದಲಿಸಿ ಮಧ್ಯದ ‘ಸ’ದಲ್ಲಿ ಮುಗಿಸಬಹುದಿತ್ತು. ಅದಕ್ಕೆ ಅವನ ಮನಸ್ಸು ಒಪ್ಪಲಿಲ್ಲ. ಹಾಡು ನಿಜವಾಗಿಯೂ ಕೆಳಗೇ ಹೋಗಿ ಮಲಗಬೇಕಿತ್ತು. ಅದು ಗುರುಗಳಿಗೂ ಗೊತ್ತಿತ್ತು.

ಬರೆದದ್ದರಲ್ಲಿ ಒಂದು ಚುಕ್ಕೆಯನ್ನೂ ಬದಲಿಸದೆ ಬಂದು ನುಡಿಸಬೇಕೆಂದು ಗುರುಗಳು ಹೇಳಿ ಕಳಿಸಿದರು.

ಹುಣ್ಣಿಮೆಯ ಸಂಜೆ ವಾಗೀಶ ತನ್ನ ಹಳೆಯ ಕೊಳಲು ಹಿಡಿದು ಜನರ ಮುಂದೆ ಕೂತ. ಬೆನ್ನ ಹಿಂದೆ ಯಾರೋ ತಂಬೂರಿ ಮೀಟುತ್ತಿದ್ದರು. ಹೆದರಿಕೆಯಲ್ಲಿ ಅವನು ತಿರುಗಿಯೂ ನೋಡಲಿಲ್ಲ.

ರಚನೆ ಚೆನ್ನಾಗಿ ಸಾಗಿತು. ಮೇಲೇರುವಲ್ಲಿ ಏರಿತು, ಎಳೆಯುವಲ್ಲಿ ಎಳೆಯಿತು. ಕೊನೆಯ ಸಾಲು ಬಂತು. ‘ಸ’, ‘ನಿ’, ‘ದ’, ‘ಪ’. ಅವನ ಬೆರಳುಗಳೆಲ್ಲ ಮುಚ್ಚಿಕೊಂಡವು. ಇನ್ನು ಮಾಡಲು ಏನೂ ಇರಲಿಲ್ಲ. ಅವನು ಕೊಳಲನ್ನು ತುಟಿಯಿಂದ ತೆಗೆದು, ಜನ ನಗುವುದನ್ನು ಕಾಯುತ್ತ ತಲೆ ತಗ್ಗಿಸಿದ.

ಆಗ ಕೇಳಿಸಿತು. ತಂಬೂರಿಯ ಕೊನೆಯ ತಂತಿ. ಕೆಳಗಿನ ‘ಸ’, ದುಂಡಗೆ, ನಿಧಾನವಾಗಿ, ಹಾಡು ಇಳಿಯಬೇಕಾದ ಜಾಗದಲ್ಲೇ.

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಆಹಾ ಎಂದು ತೊಡೆ ತಟ್ಟಿಕೊಂಡರು. ಹುಟ್ಟಿನಿಂದ ಕೇಳಿಕೊಂಡು ಬಂದ ತಂತಿಯಾದ್ದರಿಂದ ಅದು ವಾಗೀಶನ ಲೆಕ್ಕಕ್ಕೇ ಬಂದಿರಲಿಲ್ಲ.

ಅವನು ಹಿಂತಿರುಗಿ ನೋಡಿದ. ಗೋಡೆಗೊರಗಿ ತಂಬೂರಿ ಹಿಡಿದು ಕೂತಿದ್ದವರು ಪುಟ್ಟಾರಾಧ್ಯರು.

ವಾಗೀಶ ಹತ್ತಿರ ಹೋಗಿ ಕಾಲಿಗೆರಗಿದ. “ಗುರುಗಳೇ, ಈ ‘ಸ’ವನ್ನು ಯಾವಾಗಿನಿಂದ ಮೀಟುತ್ತಿದ್ದಿರಿ?”

“ನೀನು ಬಂದು ಕೂರುವ ಮುಂಚಿನಿಂದ. ಬೆರಳು ನೋಯುತ್ತಿದೆ ಕಣಯ್ಯ. ಮುಂದಿನದು ಮರುಳಸಿದ್ಧನ ಸರದಿ, ತಂಬೂರಿ ನೀನು ಹಿಡಿ.”