ಮಿಂಚಿಯ ಕೈಗೆ ಬಂದ ದುರ್ಬೀನು

ಕಾಡಿನ ಹೊಳೆ ದೊಡ್ಡ ಬಂಡೆಗಳನ್ನು ಬಳಸಿ ತಿರುಗುವ ಕಡೆ ಆಳವಾದ ಒಂದು ಮಡುವಿತ್ತು, ಮಕ್ಕಳೇ. ಈಚೆ ದಡದ ಬಿಲದಲ್ಲಿ ಹೊಳೆಯಪ್ಪ ಎಂಬ ನೀರುನಾಯಿಯ ಸಂಸಾರ. ಆಚೆ ದಡದ ಜಾಲಿಮರದಲ್ಲಿ ಗೀಜುಗಗಳ ಗೂಡುಗಳು ಸೋರೆಬುರುಡೆಗಳ ಹಾಗೆ ನೀರಿನ ಮೇಲೆ ತೂಗಾಡುತ್ತಿದ್ದವು.

ಹೊಳೆಯಪ್ಪನ ಮಗಳು ಮಿಂಚಿ ಇನ್ನೂ ಪುಟ್ಟವಳು. ಈಜು ಮುಗಿದರೆ ಸಾಕು, ಬಂಡೆಯ ಮೇಲೆ ಕೂತು ಆ ಗೂಡುಗಳನ್ನೇ ನೋಡುವಳು.

“ಅಪ್ಪಾ, ಗೂಡಿನ ಬಾಯಿ ಕೆಳಗಿದೆಯಲ್ಲ, ಮರಿ ಬಿದ್ದುಹೋಗುವುದಿಲ್ಲವಾ?”

“ಅಪ್ಪಾ, ಆ ಹಕ್ಕಿ ಏನು ಕಚ್ಚಿಕೊಂಡು ಬಂತು?”

ಹತ್ತಿರ ಹೋದರೆ ಗೀಜುಗಗಳು ಹೆದರಿ ಗಲಾಟೆ ಎಬ್ಬಿಸುತ್ತಿದ್ದವು. ಹಾಗಾಗಿ ಮಗಳಿಗೊಂದು ದುರ್ಬೀನು ತಂದುಕೊಡಬೇಕೆಂದು ಹೊಳೆಯಪ್ಪ ತೀರ್ಮಾನಿಸಿದ. ತೀರ್ಮಾನವೇನೋ ಒಳ್ಳೆಯದೇ. ಆದರೆ ಅವನಿಗೊಂದು ಚಾಳಿ: ಮನೆಗೆ ಏನೇ ತಂದರೂ ಅದು ನೆರೆಹೊರೆಯವರ ಕಣ್ಣು ಕುಕ್ಕುವ ಹಾಗಿರಬೇಕು. ನೆರೆಯ ಕಾಡುಹಂದಿ ಕೋರೆಣ್ಣ ಹೋದ ವಾರವಷ್ಟೇ ತನ್ನ ಮಗನಿಗೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ತಂದಿದ್ದ.

ಕಾಡು ನೋಡಲು ಬಂದ ಮನುಷ್ಯರು ಮರೆತುಹೋದ ಸಾಮಾನುಗಳನ್ನೆಲ್ಲ ಆಯ್ದು ತಂದು, ಕರಿಮೋರೆಯ ಮುದಿ ಕೋತಿ ಮುಸುವಜ್ಜ ಹೊಳೆಗೆ ಎದುರಾದ ಆಲದ ಪೊಟರೆಯಲ್ಲಿ ಅಂಗಡಿ ಇಟ್ಟಿದ್ದ. ಹೊಳೆಯಪ್ಪ ಮಡುವಿನ ತಳದಿಂದ ಒಂದು ಹೊರೆ ತಾವರೆಗೆಡ್ಡೆ ಕಿತ್ತು ಅಲ್ಲಿಗೆ ಹೊತ್ತುಕೊಂಡು ಹೋದ.

“ದುರ್ಬೀನು ಯಾರಿಗಪ್ಪಾ?” ಎಂದು ಕೇಳಿದ ಮುಸುವಜ್ಜ.

“ನಮ್ಮ ಮಿಂಚಿಗೆ.”

“ಹಾಗಾದರೆ ಅವಳನ್ನೇ ಕರೆದುಕೊಂಡು ಬಾ. ಕೈಯಲ್ಲಿ ಹಿಡಿದು ನೋಡಲಿ.”

“ಮಗುವಿಗೇನು ಗೊತ್ತಾಗುತ್ತದೆ ಅಜ್ಜಾ? ಇರುವುದರಲ್ಲಿ ದೊಡ್ಡದು ಕೊಡಿ. ಇಪ್ಪತ್ತು ಪಟ್ಟು ತೋರಿಸುವಂಥದ್ದು!”

“ಇಪ್ಪತ್ತು ಪಟ್ಟು ತೋರಿಸುವ ಗಾಜು ಕೈಯ ನಡುಕವನ್ನೂ ಇಪ್ಪತ್ತು ಪಟ್ಟು ಮಾಡುತ್ತದೆ ಕಣಪ್ಪಾ. ಎಳೆಯ ಕೈಗೆ ಸಣ್ಣದೇ ಸರಿ.”

“ಸಣ್ಣದು ಒಯ್ದರೆ ಕೋರೆಣ್ಣ ನಗುತ್ತಾನೆ ಅಜ್ಜಾ.”

ಮುಸುವಜ್ಜ ಬಾಲ ಕೊಡವಿ, ಬೆಲೆಗೆಂದು ತಂದ ಗೆಡ್ಡೆಯ ಹೊರೆ ಇಳಿಸಿಕೊಂಡ. ಹೊಳೆಯಪ್ಪ ತನ್ನ ಅರ್ಧ ಮೈಯಷ್ಟು ದೊಡ್ಡ ದುರ್ಬೀನನ್ನು ಎದೆಗವಚಿಕೊಂಡು ಮನೆಗೆ ಬಂದ.

ಮಿಂಚಿ ಕುಣಿದಾಡಿದಳು. ಅಪ್ಪ ಅದರ ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದೊಡನೆ ತಲೆ ಮುಂದಕ್ಕೆ ಬಾಗಿತು. ಎರಡೂ ಕೈಯಲ್ಲಿ ಹೇಗೋ ಎತ್ತಿ ಕಣ್ಣಿಗಿಟ್ಟುಕೊಂಡಳು. ಕೊಳವೆಗಳು ಅವಳ ಕಣ್ಣುಗಳಿಗಿಂತ ದೂರ ದೂರ ಇದ್ದವು. ಒಂದರಲ್ಲಿ ಬರೀ ಕತ್ತಲೆ, ಇನ್ನೊಂದರಲ್ಲಿ ಏನೋ ಹಸಿರು ಗಡಗಡ ನಡುಗಿ ಮಾಯವಾಯಿತು.

“ಕಂಡಿತೇ ಮಗಳೇ? ಕಂಡಿತೇ?”

ಅಪ್ಪನ ಮುಖ ಅರಳಿ ನಿಂತಿತ್ತು. ಮಿಂಚಿ ಅದನ್ನು ನೋಡಿದಳು.

“ಹ್ಞೂಂ ಅಪ್ಪಾ. ಕಂಡಿತು.”

ಇನ್ನು ಕೇಳಬೇಕೆ! ಮರುದಿನ ಹೊಳೆಯಪ್ಪ ನೆರೆಹೊರೆಯನ್ನೆಲ್ಲ ಕರೆದ. ಕೋರೆಣ್ಣ ಬಂದ, ಆಮೆ ಬಂತು, ಆಚೆ ದಡದ ಗೀಜುಗಮ್ಮ ಕೂಡ ಎತ್ತರದ ಕೊಂಬೆಯಲ್ಲಿ ಬಂದು ಕೂತಳು.

“ಹೇಳಮ್ಮಾ, ಗೂಡಿನಲ್ಲಿ ಏನು ಕಂಡೆ?” ಎಂದ ಕೋರೆಣ್ಣ.

ಮಿಂಚಿ ಅಪ್ಪನ ಕಡೆ ನೋಡಿದಳು. “ಮೂರು ಮೊಟ್ಟೆ. ನೀಲಿ ಬಣ್ಣದವು.”

“ನೀಲಿಯೇ!” ಗೀಜುಗಮ್ಮ ಚೀರಿದಳು. “ನಮ್ಮ ಮೊಟ್ಟೆ ಹಾಲಿನ ಹಾಗೆ ಬಿಳಿ. ಅವೂ ಒಡೆದು ಮರಿಗಳಾಗಿ ಎರಡು ವಾರವಾಯಿತು!”

“ಇಪ್ಪತ್ತು ಪಟ್ಟಿನ ದುರ್ಬೀನಿನಲ್ಲಿ ಬಣ್ಣವೂ ಬೇರೆ ಕಾಣುತ್ತದೆ ಅನ್ನಿ,” ಎಂದ ಕೋರೆಣ್ಣ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಿಂಚಿ ದುರ್ಬೀನನ್ನು ಕೊರಳಿನಿಂದ ಕಳಚಿಟ್ಟು ದುಡುಮ್ಮನೆ ಮಡುವಿಗೆ ಹಾರಿದಳು.

ಹೊಳೆಯಪ್ಪನಿಗೆ ಮೈಯೆಲ್ಲ ಉರಿಯಿತು. ಚೆನ್ನಾಗಿ ಬೈಯಬೇಕೆಂದೇ ಹಿಂದೆ ಈಜಿದ. ದಡದ ಬೇರುಗಳ ಸಂದಿಯಲ್ಲಿ ಮೂಗಷ್ಟನ್ನೇ ಮೇಲಿಟ್ಟುಕೊಂಡು ಅವಳು ಕೂತಿದ್ದಳು.

“ಸುಳ್ಳು ಯಾಕೆ ಹೇಳಿದೆ?”

“ನಿನಗೆ ಅಷ್ಟು ಖುಷಿಯಾಗಿತ್ತಲ್ಲ ಅಪ್ಪಾ...” ಮಿಂಚಿ ಬಿಕ್ಕಿದಳು. “ನನಗೆ ಏನೂ ಕಾಣಲಿಲ್ಲ. ಎತ್ತಿದರೆ ಕೈ ಸೋಲುತ್ತದೆ, ಬಿಟ್ಟರೆ ಕುತ್ತಿಗೆ ನೋಯುತ್ತದೆ.”

ಹೊಳೆಯಪ್ಪ ಅವಳ ಕೊರಳು ನೋಡಿದ. ಪಟ್ಟಿ ಒತ್ತಿದ ಕಡೆ ತುಪ್ಪಳ ಸವೆದು ಕೆಂಪಗಾಗಿತ್ತು. ಬೈಯಲು ಬಂದದ್ದೇ ಮರೆತುಹೋಯಿತು. ‘ನಾನು ತಂದಿದ್ದು ಇವಳಿಗೋ, ಕೋರೆಣ್ಣನಿಗೋ?’ ಎಂದುಕೊಂಡ.

“ತಪ್ಪು ನನ್ನದು ಮಗಳೇ. ಬಾ, ಅಜ್ಜನ ಅಂಗಡಿಗೆ ಹೋಗೋಣ. ಈ ಸಲ ನೀನೇ ಆರಿಸು.”

ಮುಸುವಜ್ಜ ದೊಡ್ಡ ದುರ್ಬೀನನ್ನು ವಾಪಸು ತೆಗೆದುಕೊಂಡ. ಇದ್ದವನ್ನೆಲ್ಲ ಮಿಂಚಿಯ ಮುಂದೆ ಹರಡಿದ. ಮೂರು ಕಾಲಿನ ಮೇಲೆ ನಿಂತ ಉದ್ದನೆಯದು ಅವಳಿಗೆ ಎಟುಕಲಿಲ್ಲ. ಹೊಳೆಹೊಳೆಯುವ ಹಿತ್ತಾಳೆಯದು ಜಾರಿತು. ಕೊನೆಗೆ ಮೂಲೆಯಲ್ಲಿದ್ದ ಒಂದು ಪುಟ್ಟ ಜೋಡಿ ಕೊಳವೆ ಸಿಕ್ಕಿತು. ರಬ್ಬರು ಹೊದಿಕೆಯದು, ಬಿದ್ದರೂ ಒಡೆಯುವಂಥದ್ದಲ್ಲ.

“ಇದು ನಾಲ್ಕು ಪಟ್ಟು ಮಾತ್ರ,” ಎಂದ ಮುಸುವಜ್ಜ. ನಡುವೆ ಮಡಚಿ ಕೊಳವೆಗಳನ್ನು ಅವಳ ಕಣ್ಣುಗಳ ಅಳತೆಗೆ ಹತ್ತಿರ ತಂದ. “ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡ, ಕಣ್ಣು ಹೋಗುತ್ತದೆ. ಹ್ಞಾಂ, ಈಗ ಹೊಳೆ ಕಡೆ ನೋಡು.”

ಮಿಂಚಿ ನೋಡಿದಳು. ಉಸಿರೇ ಇಲ್ಲದ ಹಾಗೆ ನಿಂತಳು. ಆಮೇಲೆ ಒಂದೇ ಸಮನೆ ಅವಳ ಮಾತು ಶುರುವಾಯಿತು.

“ಅಪ್ಪಾ, ಮಿಡತೆ! ಗೀಜುಗಮ್ಮನ ಕೊಕ್ಕಿನಲ್ಲಿ ಮಿಡತೆ! ಕಾಲು ಆಡಿಸುತ್ತಿದೆ! ಅಯ್ಯೋ, ಗೂಡಿನ ಒಳಗೇ ಹೋದಳು ಅಪ್ಪಾ!”

ಮನೆಗೆ ಬಂದ ಅಪ್ಪ ಮಗಳು ಬಂಡೆ ಮೇಲೆ ಕೂತೇಬಿಟ್ಟರು. ಮಗಳು ನೋಡಿ ಹೇಳುವುದು, ಅಪ್ಪ ಕೇಳುವುದು. ಬಿಸಿಲು ಇಳಿದದ್ದೂ ತಿಳಿಯಲಿಲ್ಲ.

ಹೊಳೆಯಪ್ಪನ ಹೆಂಡತಿ ತೊರೆಯಮ್ಮ ಬಿಲದಿಂದ ತಲೆ ಹಾಕಿದಳು. “ರೀ, ಮೀನು ಎಲ್ಲಿ? ಊಟಕ್ಕೇನು?”

“ಶ್!” ಎಂದ ಹೊಳೆಯಪ್ಪ, ಕಣ್ಣು ಆಚೆ ದಡದಿಂದ ಕೀಳದೆ. “ಸ್ವಲ್ಪ ತಾಳೇ. ಒಂದು ಮರಿ ತಲೆ ಹೊರಗೆ ಹಾಕುತ್ತಿದೆಯಂತೆ.”

ತೊರೆಯಮ್ಮನೂ ಬಂದು ಪಕ್ಕದಲ್ಲಿ ಕೂತಳು.

ನೀತಿ: ಯಾರಿಗಾಗಿ ತರುತ್ತೇವೋ ಅವರ ಅಳತೆ ನೋಡಿ ತರಬೇಕು, ಜಂಬದ ಅಳತೆಗೆ ತಂದದ್ದು ಯಾರ ಕೈಗೂ ಒದಗುವುದಿಲ್ಲ.